ಗಂಜಿ ಕಾಸಿ ಕೊಡುವವರು

ಮೈಂದರ್ಗಿ ದವಾಖಾನೆಯ ಆಯಾ ಸಕ್ಕುಬಾಯಿ ಹೊಸ್ತಿಲಲ್ಲಿ ಕೂತಳೆಂದರೆ ಒಳಗಿನ ಡಾಕ್ಟರರ ಕುರ್ಚಿ ಸಣ್ಣದಾಗಿ ಕಾಣುತ್ತಿತ್ತು. ಅಂಗೈಯಲ್ಲಿ ತಂಬಾಕು ತಿಕ್ಕುತ್ತಲೇ ಬೀದಿಯ ಕೆಮ್ಮು ಯಾವ ಮನೆಯದೆಂದು ಹೇಳುತ್ತಿದ್ದಳು. ಅಕ್ಕಲಕೋಟೆಯ ಬಸ್ಸು ನಿಲ್ಲುವ ಮೊದಲೇ ಅದರೊಳಗೆ ಜ್ವರದವರು ಎಷ್ಟು ಜನ ಎಂಬುದೂ ಅವಳಿಗೆ ಗೊತ್ತಾಗುತ್ತಿತ್ತಂತೆ. ಐವತ್ತೇಳರ ಫ್ಲೂ ಹಾವಳಿಗೆ ಊರಿಗೆ ಸಿಕ್ಕಿದ್ದು ನಲವತ್ತು ಜನರಿಗಾಗುವಷ್ಟೇ ಲಸಿಕೆ. ಯಾರಿಗೆ ಮೊದಲು ಕೊಡುವುದೆಂದು ಸೊಲ್ಲಾಪುರದಿಂದ ಹೊಸದಾಗಿ ಬಂದ ಡಾಕ್ಟರ್ ಶಾಂತಲಿಂಗಪ್ಪ ತಲೆ ಕೆಡಿಸಿಕೊಂಡು ಕೂತಿದ್ದರೆ, ಸಕ್ಕುಬಾಯಿ ಬಾಗಿಲಿಗೆ ಅಡ್ಡ ನಿಂತು ಸಾಲಿನವರಿಗೆಲ್ಲ ಒಂದೇ ಮಾತು ಕೇಳಿದಳು: "ನೀವು ಜ್ವರ ಬಂದು ಮಲಗಿದ್ರ ಗಂಜಿ ಕಾಸಿ ಕೊಡಾವ್ರು ಯಾರ್ರಿ?" ಯಾರ ಹೆಸರು ಬಂತೋ ಅವರಿಗೇ ಸೂಜಿ. ಸಾಲಿನ ಮೊದಲಿಗೇ ನಿಂತಿದ್ದ ಬಸಣ್ಣ ಸಾವಕಾರರು ಗಂಟಲು ಸರಿಮಾಡಿಕೊಂಡು, "ನಮ್ಮನಿ ಎಮ್ಮಿ ಹಿಂಡಾಕಿ, ಗಂಗುಬಾಯಿ" ಎಂದವರೇ ಅವಳನ್ನು ಕರೆತರಲು ತಾವೇ ಹೊರಟರು. ಓದಿದ ಯಾವ ಪುಸ್ತಕದಲ್ಲೂ ಇಲ್ಲದ ಈ ಲೆಕ್ಕಕ್ಕೆ ಡಾಕ್ಟರರು ಬೆರಗಾಗಿ ಹೋದರು. ಕೊನೆಗೆ ಒಬ್ಬರಿಗಾಗುವಷ್ಟು ಉಳಿದಾಗ ಸಕ್ಕುಬಾಯಿ ಅವರತ್ತ ತಿರುಗಿದಳು: "ನಿಮಗ್ಯಾರದಾರ್ರಿ ಸಾಹೇಬ್ರ? ಹೇಳ್ರಿ, ಕರಕೊಂಡು ಬರ್ತೀನಿ." ಊರಿಗೆ ಬಂದ ವಾರದಲ್ಲೇ ತಾವು ಚಳಿಜ್ವರದಿಂದ ನಡುಗುತ್ತ ಬಿದ್ದಿದ್ದ ಮೂರು ದಿನ ಡಾಕ್ಟರರಿಗೆ ನೆನಪಾದವು. ಅವರು ಸೂಜಿಗೆ ಲಸಿಕೆ ತುಂಬಿಕೊಂಡು ಎದ್ದು ಬಂದರು. "ತೋಳ ಮುಂದ ಮಾಡ್ರಿ, ಸಕ್ಕವ್ವಾ."