ಅಂಗಾಲು ಒಪ್ಪಿದ ನೆಲ

ಕಳೆದ ವರ್ಷ ಎಂಟು ತಿಂಗಳ ಕಾಲ ನನ್ನ ಮೇಜಿನ ಕೆಳಗೆ ಒಂದು ಜೊತೆ ಕಪ್ಪು ಬೂಟುಗಳು ಉಪಚಾರ ಸಾಲದ ಬೀಗರ ಹಾಗೆ ಮುಖ ಊದಿಸಿಕೊಂಡು ಕುಳಿತಿದ್ದವು. ಅಳತೆ ಐದು, ರಬ್ಬರಿನ ಅಟ್ಟೆ, ಜಾರದಿರಲೆಂದು ಅಟ್ಟೆಯ ತುಂಬ ಗೆರೆಗಳು. ಆ ಗೆರೆಗಳ ನಡುವೆ ಒಂದು ಕಣ ಧೂಳೂ ಇರಲಿಲ್ಲ. ಬೂಟು ಇಷ್ಟು ಹೊಸದಾಗಿ ಉಳಿದಿದೆಯೆಂದರೆ ಅದರ ಒಡತಿ ಒಂದೋ ಕೆಲಸಗಳ್ಳಿ, ಇಲ್ಲವೇ ಕೆಲಸವನ್ನು ಚೆನ್ನಾಗಿ ಬಲ್ಲವಳು ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ಆಗ ಮಾತ್ರ ಅವುಗಳನ್ನು ಕಂಡಾಗಲೆಲ್ಲ ಕಾಲಿನಿಂದ ಇನ್ನಷ್ಟು ಒಳಗೆ ತಳ್ಳುತ್ತಿದ್ದೆ.

ನಾನು ಹರಿಹರದವಳು, ದಾವಣಗೆರೆಯ ಒಂದು ದೊಡ್ಡ ಮಾಲ್‌ನಲ್ಲಿ ಸ್ವಚ್ಛತೆಯ ಮೇಲ್ವಿಚಾರಕಿ. ಕನ್ನಡದಲ್ಲಿ ಎಂ.ಎ. ಮಾಡಿದ ಹುಡುಗಿ ಕೊನೆಗೆ ಕಸಬರಿಗೆ ಹಿಡಿದಳು ಎಂದು ನನ್ನ ಸೋದರತ್ತೆ ಮಂಡಿಪೇಟೆಯ ಅರ್ಧ ಅಂಗಡಿಗಳಿಗೆ ಸಾರಿಕೊಂಡು ಬಂದಿದ್ದಾಳೆ. ಸಾರಲಿ ಬಿಡಿ! ಅಂಗಡಿಗಳ ಕದ ಇನ್ನೂ ತೆರೆಯದ ಬೆಳಗಿನ ಹೊತ್ತಿನಲ್ಲಿ ಆ ಮೂರಂತಸ್ತಿನ ಕಟ್ಟಡದ ನಟ್ಟನಡುವೆ ನಿಂತ ಸುಖ ಅವಳಿಗೇನು ಗೊತ್ತು? ಗಾಜಿನ ಮಾಡಿನಿಂದ ಎಳೆಬಿಸಿಲು ಇಳಿಯುತ್ತಿರುತ್ತದೆ. ನಿನ್ನೆ ಇಡೀ ಊರು ಬಂದುಹೋದ ಗುರುತುಗಳು ನೆಲದ ಮೇಲೆ ಹರಡಿರುತ್ತವೆ. ಯಾರದೋ ಕಾಗದದ ಪೊಟ್ಟಣದಿಂದ ಉದುರಿದ ಮಂಡಕ್ಕಿ, ಯಾವುದೋ ಮಗು ಅತ್ತು ಗಿಟ್ಟಿಸಿ ಅರ್ಧಕ್ಕೇ ಬೀಳಿಸಿದ ಐಸ್‌ಕ್ರೀಮು, ಹೊಲದಿಂದ ನೇರವಾಗಿ ಸೀರೆ ಅಂಗಡಿಗೆ ಬಂದವರ ಕಾಲಿನ ಎರೆಮಣ್ಣು, ಗಾಜಿನ ಮೇಲೆ ಸಾಲುಸಾಲಾಗಿ ಪುಟ್ಟ ಅಂಗೈಗಳು. ಅಷ್ಟರಲ್ಲಿ ನೆಲ ಉಜ್ಜುವ ಯಂತ್ರ ಗುರ್ ಎನ್ನುತ್ತ ಹೊರಡುತ್ತದೆ. ಕೊಡಗಟ್ಟಲೆ ನೀರು ಕುಡಿದು ಹೂಂಕರಿಸುವ ಅದಕ್ಕೆ ನಮ್ಮ ಹೆಂಗಸರು ಇಟ್ಟಿರುವ ಹೆಸರು ‘ಎಮ್ಮಿ’. “ಎಮ್ಮಿಗೆ ನೀರು ಕುಡ್ಸಿದ್ರೇನ್ರೇ?” ಎಂದು ಒಬ್ಬಳು ಕೂಗಿದರೆ ದಿನ ಶುರುವಾಯಿತೆಂದು ಲೆಕ್ಕ. ಎರಡೇ ಗಂಟೆಯಲ್ಲಿ ಒಂದು ಊರಿನ ಕೊಳೆ ಮಾಯವಾಗಿ, ಮಾಡಿನ ಮೇಲಿನ ಆಕಾಶ ನೆಲದೊಳಗೆ ಇಳಿದು ಮಲಗುತ್ತದೆ. ನನಗಂತೂ ಐದು ವರ್ಷವಾದರೂ ಆ ಗಳಿಗೆಯಲ್ಲಿ ಮೈ ಜುಮ್ಮೆನ್ನುತ್ತದೆ.

ಕಂಪನಿ ಕೊಟ್ಟ ಆ ಬೂಟುಗಳ ಒಡತಿ, ನೆಲ ಒರೆಸುವ ಹಾಲಮ್ಮಕ್ಕ. ವಯಸ್ಸು ಐವತ್ತೈದರ ಆಸುಪಾಸು. ಭಾನುವಳ್ಳಿಯಿಂದ ಮೊದಲ ಬಸ್ಸಿಗೆ ಹರಿಹರಕ್ಕೆ ಬರುತ್ತಾಳೆ. ಅಲ್ಲಿಂದ ಮುಂದೆ ನಾವಿಬ್ಬರೂ ಒಂದೇ ಸೀಟು. ನೆಲ ಒರೆಸಿ, ಒಣಗಿದ ಮೇಲೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಅರೆಮುಚ್ಚಿ, ದೊಡ್ಡ ಬಾಗಿಲಿನಿಂದ ಚಲಿಸುವ ಮೆಟ್ಟಿಲವರೆಗೆ ಅವಳು ಬರಿಗಾಲಲ್ಲಿ ನಿಧಾನವಾಗಿ ನಡೆಯುತ್ತಿದ್ದಳು. ಥಟ್ಟನೆ ನಿಂತು, “ಇಲ್ಲಿ ಉಸುಕೈತೆ” ಎನ್ನುತ್ತಿದ್ದಳು. ನಾಲ್ಕು ಹೆಜ್ಜೆ ಮುಂದೆ, “ಇಲ್ಲಿ ಸಕ್ರಿ ನೀರು ಚೆಲ್ಯಾರೆ.” ನಾನು ಬಗ್ಗಿ, ಕನ್ನಡಕ ಏರಿಸಿ ನೋಡಿದರೆ ಏನೂ ಇಲ್ಲ; ಬಿಳಿ ಬಟ್ಟೆಯಿಂದ ಉಜ್ಜಿದರೆ ಕಳ್ಳ ಸಿಕ್ಕಿಬಿದ್ದ! “ಕಣ್ಣಿಗೆ ಹೊಳಪಿದ್ರೆ ಸಾಕು ಯವ್ವಾ. ಕಾಲು ಅಷ್ಟಕ್ಕೆಲ್ಲ ಒಪ್ಪಂಗಿಲ್ಲ” ಎಂದು ನಗುತ್ತಿದ್ದಳು.

ಈ ವಿದ್ಯೆಯನ್ನು ಅವಳಿಗೆ ಕಲಿಸಿದ್ದು ಯಾವ ತರಬೇತಿಯೂ ಅಲ್ಲ, ಭತ್ತದ ಕಣ. ಸೊಸೆಯಾಗಿ ಬಂದ ವರ್ಷ ಸುಗ್ಗಿಗೆ ಮುಂಚೆ ಕಣ ಬಡಿದು, ಸಗಣಿ ಸಾರಿಸಿ ಒಣಗಿಸಿದ ಮೇಲೆ, ಅತ್ತೆ ಅವಳನ್ನು ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ನಡೆಸಿದಳಂತೆ. ಒಂದು ಹರಳು ಸಿಕ್ಕರೂ ಮತ್ತೆ ಗುಡಿಸು, ಮತ್ತೆ ಸಾರಿಸು. ಕಣದಲ್ಲಿ ಬಿಟ್ಟ ಹರಳು ಉಣ್ಣುವವರ ಹಲ್ಲಿಗೇ ಸಿಗುತ್ತದೆ ಎಂಬುದು ಆ ಅತ್ತೆಯ ಮಾತು. ಕಣ ಹೋಗಿ ಯಂತ್ರ ಬಂದು ಎಷ್ಟೋ ವರ್ಷವಾಯಿತು. ಹಾಲಮ್ಮಕ್ಕನ ಅಂಗಾಲು ಮಾತ್ರ ಪಾಠ ಮರೆಯಲಿಲ್ಲ. ಯೋಚಿಸಿದರೆ ನನಗೂ ನಮ್ಮ ಹರಿಹರದ ಗುಡಿಯ ಕಲ್ಲುಹಾಸು ನೆನಪಾಗುತ್ತದೆ. ಅದನ್ನು ನುಣುಪು ಮಾಡಿದ್ದು ಯಾವ ಎಮ್ಮಿಯೂ ಅಲ್ಲ, ನೂರಾರು ವರ್ಷ ಅದರ ಮೇಲೆ ಓಡಾಡಿದ ಬರಿಗಾಲುಗಳು. ಕಾಲು ನೆಲವನ್ನು ತಿದ್ದುತ್ತದೆ, ನೆಲ ಕಾಲಿಗೆ ಬುದ್ಧಿ ಕಲಿಸುತ್ತದೆ. ನಡುವೆ ಅಟ್ಟೆ ಬಂದರೆ ಮಾತುಕತೆ ನಿಂತಂತೆಯೇ.

ಆದರೆ ನಮ್ಮ ಕಂಪನಿಗೆ ಅಟ್ಟೆಯೇ ಬೇಕು. ಅವರ ತಪ್ಪೂ ಇಲ್ಲ ಅನ್ನಿ. ಒದ್ದೆ ನೆಲದಲ್ಲಿ ಜಾರಿ ಸೊಂಟ ಮುರಿದುಕೊಂಡವರನ್ನೂ, ಬಚ್ಚಲಿನ ಆ್ಯಸಿಡ್ ಕಾಲಿಗೆ ಸಿಡಿದವರನ್ನೂ ನಾನು ಕಂಡಿದ್ದೇನೆ. ಕೆಲಸದ ಹೊತ್ತಿನಲ್ಲಿ ಯಾರೂ ಬರಿಗಾಲಲ್ಲಿ ಇರಕೂಡದು ಎಂಬುದು ನಿಯಮ. ಬೆಂಗಳೂರಿನಿಂದ ಬರುವ ಪರಿಶೀಲನೆಯ ಅಧಿಕಾರಿ ಹಾಲಮ್ಮಕ್ಕನನ್ನು ಎರಡು ಸಲ ಬರಿಗಾಲಲ್ಲಿ ಹಿಡಿದಿದ್ದರು, ಎರಡು ಸಲ ಎಚ್ಚರಿಕೆಯ ಪತ್ರ ಕೊಟ್ಟಿದ್ದರು. ಮೂರನೆಯ ಸಲ ಕಂಡರೆ ಕೆಲಸವಿಲ್ಲ ಎಂದು ನನ್ನೆದುರಿಗೇ ಹೇಳಿ ಹೋಗಿದ್ದರು. ಆ ಕೆಲಸವೆಂದರೆ ಅವಳಿಗೆ ಜೀವ. “ಮನ್ಯಾಗೆ ಕುಂತ್ರೆ ಕಾಲು ಜೋಮು ಹಿಡೀತಾವೆ ಯವ್ವಾ. ಇದು ನನ್ ಕಣ” ಎನ್ನುತ್ತಿದ್ದಳು. ಮೂರನೆಯ ಪರಿಶೀಲನೆಯ ಹಿಂದಿನ ದಿನ ಬಸ್ಸಿನಲ್ಲಿ ನಾನು ಅವಳ ಕೈ ಹಿಡಿದು, “ನಾಳೆ ಒಂದಿನ ಬೂಟು ಹಾಕ್ಕೊಂಡು ಬಿಡಕ್ಕಾ, ನಿಂಗೆ ಕೈ ಮುಗೀತೀನಿ” ಎಂದೆ. ಕಿಟಕಿಯಾಚೆ ನೋಡುತ್ತ, “ಆತು ಬಿಡವ್ವ, ನಿನ್ ಸಲುವಾಗಿ” ಎಂದಳು.

ಮರುದಿನ ಬೂಟುಗಳು ಕೊನೆಗೂ ಮೇಜಿನ ಕೆಳಗಿನಿಂದ ಹೊರಗೆ ಬಂದವು. ನೀರಿಗಿಳಿದ ಬೆಕ್ಕಿನ ಹಾಗೆ ಒಂದೊಂದೇ ಹೆಜ್ಜೆ ಎತ್ತಿಡುತ್ತಿದ್ದ ಅವಳನ್ನು ಕಂಡು ಉಳಿದ ಹೆಂಗಸರು ಬಿದ್ದುಬಿದ್ದು ನಕ್ಕರು. ನನಗಂತೂ ಆ ದಿನ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ! ಅಧಿಕಾರಿ ಬಾಯಿ ಬಿಟ್ಟು ನೋಡುವಂತೆ ನೆಲ ಹೊಳೆಯಬೇಕೆಂಬ ಹುಚ್ಚು ಉತ್ಸಾಹದಲ್ಲಿ, ಬಕೆಟ್ಟಿಗೆ ಒಂದು ಮುಚ್ಚಳ ಹಾಕಬೇಕಾದ ಸೋಪಿನ ದ್ರವವನ್ನು ಎರಡೆರಡು ಮುಚ್ಚಳ ಹಾಕಿಸಿದೆ. ಹಾಲಮ್ಮಕ್ಕ ಅನುಮಾನದಿಂದ ನೋಡಿದಳು. “ಇವತ್ತೊಂದಿನ ಹಾಕ್ರಿ” ಎಂದು ಬಾಯಿ ಮುಚ್ಚಿಸಿದೆ. ಒಣಗಿದ ಮೇಲೆ ಅವಳು ಎಂದಿನಂತೆ ಬಾಗಿಲಿನಿಂದ ಮೆಟ್ಟಿಲಿಗೆ ನಡೆದಳು, ಬೂಟು ಹಾಕಿಕೊಂಡು. “ಏನೂ ಗೊತ್ತಾಗ್ತಿಲ್ಲ, ಕಾಲಿಗೆ ಕಣ್ಣು ಕಟ್ಟಿದಂಗೆ ಆಗೈತೆ” ಎಂದು ಗೊಣಗಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಧಿಕಾರಿ ಬಂದರು. ಮೊದಲು ಹಾಲಮ್ಮಕ್ಕನ ಕಾಲು ನೋಡಿದರು, ಆಮೇಲೆ ನೆಲ ನೋಡಿದರು, “ಗುಡ್” ಎಂದರು. ಅಷ್ಟರಲ್ಲಿ ಬಾಗಿಲು ತೆರೆಯುವ ಹೊತ್ತಾಯಿತು. ಹದಡಿಯ ಒಂದು ಕುಟುಂಬ ಮದುವೆಯ ಸೀರೆಗೆಂದು ಬಂದಿತು. ಹತ್ತು ಹನ್ನೊಂದು ಜನ, ಮುಂದೆ ಒಬ್ಬ ಅಜ್ಜಿ. ಅಜ್ಜಿ ಹೊಸ್ತಿಲ ಬಳಿ ನಿಂತು ಒಳಗೆ ಒಂದು ಸಲ ಇಣುಕಿ, ಚಪ್ಪಲಿ ಬಿಟ್ಟಳು. ಅವಳು ಬಿಟ್ಟಳೆಂದು ಹಿಂದಿನವರೆಲ್ಲರೂ ಬಿಟ್ಟರು. ಕಾವಲಿನವನು ಓಡಿಬಂದ.

“ಹಾಕ್ಕೊಂಡೇ ಬರ್ರಿ ಅಜ್ಜಿ, ಇದು ಗುಡಿ ಅಲ್ಲ!”

“ಗುಡಿ ಅಲ್ಲ ಅಂತ ನಂಗೂ ಗೊತ್ತೈತಪ್ಪ. ಇಷ್ಟು ಹೊಳೆಯೋ ನೆಲನ ಚಪ್ಲಿಲಿ ತುಳೀಬೇಕೇನು? ಒರ್ಸಿದೋರು ಯಾರೋ ಹೆಣ್ಮಕ್ಳು ಇರ್ತಾರೆ.”

ಅಯ್ಯೋ, ಆ ಮಾತು ಕೇಳಿದಾಗ ನನಗಾದ ಹಿಗ್ಗನ್ನು ಹೇಗೆ ಹೇಳಲಿ! ಇಷ್ಟು ವರ್ಷ ನಮ್ಮ ನೆಲದ ಮೇಲೆ ನಡೆದವರಲ್ಲಿ ಒಬ್ಬರಾದರೂ ಅದರ ಹಿಂದೆ ಒಂದು ಕೈ ಇದೆಯೆಂದು ನೆನೆದಿರಲಿಲ್ಲ. ಹಾಲಮ್ಮಕ್ಕನ ಕಡೆ ತಿರುಗಿದೆ. ಅವಳ ಕಣ್ಣೂ ತುಂಬಿತ್ತು. ಅಜ್ಜಿ ಒಳಗೆ ಆರು ಹೆಜ್ಜೆ ಬಂದು ನಿಂತು, ಅಂಗಾಲು ಎತ್ತಿ ನೋಡಿಕೊಂಡಳು. “ಏನೇ ಇದು, ಕಾಲು ಅಂಟ್ಕೊಳ್ತತಲ್ಲೇ?” ಎಂದು ಮೊಮ್ಮಗಳನ್ನು ಕೇಳಿದಳು.

ನನ್ನ ಹಿಗ್ಗು ಅಲ್ಲೇ ಇಳಿದುಹೋಯಿತು. ಹಾಲಮ್ಮಕ್ಕ ಕಂಬಕ್ಕೆ ಒರಗಿ ಬೂಟಿನ ದಾರ ಬಿಚ್ಚತೊಡಗಿದಳು. ಅಧಿಕಾರಿ ಹತ್ತು ಹೆಜ್ಜೆ ದೂರದಲ್ಲಿದ್ದರು. ನಾನು ಓಡಿಹೋಗಿ, “ಬ್ಯಾಡಕ್ಕಾ, ಅವ್ರು ನೋಡ್ತಾರೆ” ಎಂದು ಪಿಸುಗುಟ್ಟಿದೆ.

“ನೋಡ್ಲಿ. ಕೆಲ್ಸ ಹೋದ್ರೆ ಹೋಗ್ಲಿ ಯವ್ವಾ. ನಮ್ಮನ್ನ ನೆನೆಸ್ಕೊಂಡು ಆ ಅಜ್ಜಿ ಚಪ್ಲಿ ಬಿಟ್ಟಾಳೆ. ಆಕಿ ಕಾಲಿಗೆ ಅಂಟು ಮೆತ್ತಿ ಕಳಿಸ್ಲೇನು?”

ಬರಿಗಾಲಲ್ಲಿ ಎರಡು ಹೆಜ್ಜೆ ಇಟ್ಟಳು, ಮೂರನೆಯದಕ್ಕೆ ಹೇಳಿದಳು: “ಸೋಪು ಜಾಸ್ತಿ ಆಗೈತೆ. ನೆಲ ಪೂರ್ತಿ ಹಿಂಗೇ ಐತೆ.”

ಅಧಿಕಾರಿ ಬಂದೇಬಿಟ್ಟರು. “ಏನ್ರೀ ಇದು, ಮೂರನೇ ಸಲ! ಶೂ ಎಲ್ಲಿ?” ಅವಳ ಬಾಯಿಂದ ಉತ್ತರ ಬರುವ ಮುಂಚೆ ನಾನೇ ಬಾಯಿಬಿಟ್ಟೆ. ಸೋಪು ಎರಡು ಪಾಲು ಹಾಕಿಸಿದ್ದು ನಾನು, ಬೂಟು ಹಾಕಿಸಿ ಅವಳ ಪರೀಕ್ಷೆ ತಪ್ಪಿಸಿದ್ದೂ ನಾನು ಎಂದು ತಡವರಿಸುತ್ತ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ನೆಲ ನೋಡಿ, “ಶೈನ್ ಚೆನ್ನಾಗೇ ಇದೆಯಲ್ರೀ?” ಎಂದರು.

“ನೀವೂ ಬಿಚ್ರಿ ಸಾಹೇಬ್ರೆ. ಕಾಲು ಹೇಳ್ತತೆ” ಎಂದಳು ಹಾಲಮ್ಮಕ್ಕ.

ಅವರು ಅವಳನ್ನು ನೋಡಿದರು, ಅಜ್ಜಿಯನ್ನು ನೋಡಿದರು, ಬಾಗಿಲ ಬಳಿಯ ಚಪ್ಪಲಿಗಳ ಸಾಲನ್ನು ನೋಡಿದರು. ಆಮೇಲೆ ಬಗ್ಗಿ ಬಲಗಾಲಿನ ಬೂಟು ಕಳಚಿದರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. ಚೀಲವನ್ನೂ ಕಳಚಿ ಪಾದ ಊರಿ ಎತ್ತಿದರು. ಚಟ್ ಎಂಬ ಸಣ್ಣ ಸದ್ದು ನನಗೂ ಕೇಳಿಸಿತು. “ಮತ್ತೆ ಒರೆಸಿ” ಎಂದಷ್ಟೇ ಹೇಳಿ, ಒಂದು ಕಾಲಲ್ಲಿ ಬೂಟು, ಒಂದು ಬರಿಗಾಲು, ಹಾಗೆಯೇ ಬೆಂಚಿನ ಮೇಲೆ ಕುಳಿತರು.

ನೆಲ ಒದ್ದೆಯಿದೆ ಎಂಬ ಹಳದಿ ಫಲಕ ಇಟ್ಟು, ಬರೀ ನೀರಿನಲ್ಲಿ ಎರಡು ಸಲ ಒರೆಸಿದೆವು. ನಾನೂ ದುಪಟ್ಟ ಬಿಗಿದು ಒರೆಸುವ ಕೋಲು ಹಿಡಿದೆ. ಅಜ್ಜಿಯ ಮನೆಯವರು ಮೇಲಿನ ಅಂಗಡಿಯಲ್ಲಿ ಸೀರೆ ಆರಿಸಿ ಇಳಿದು ಬರುವಷ್ಟರಲ್ಲಿ ನೆಲ ಒಣಗಿತ್ತು. ಹಾಲಮ್ಮಕ್ಕ ಅಜ್ಜಿಯ ಕೈ ಹಿಡಿದು, “ಈಗ ನಡೀರಿ ಅವ್ವಾರೆ” ಎಂದಳು. ಇಬ್ಬರೂ ಬಾಗಿಲವರೆಗೆ ಬರಿಗಾಲಲ್ಲಿ ನಡೆದರು. ಹೊಸ್ತಿಲಲ್ಲಿ ಅಜ್ಜಿ, “ಈಗ ಏನಿಲ್ಲ ನೋಡು, ನಮ್ಮನಿ ಇದ್ದಂಗೈತೆ” ಎಂದು ಚಪ್ಪಲಿ ಮೆಟ್ಟಿ ಹೊರಟಳು. ಅಧಿಕಾರಿ ಅವರ ಹಿಂದೆಯೇ ನಡೆದು ನೋಡಿ, ವರದಿಯಲ್ಲಿ ಎರಡು ಸಾಲು ಬರೆದರು: ನೀರು, ಸೋಪಿನ ಕೆಲಸದಲ್ಲಿ ಬೂಟು ಕಡ್ಡಾಯ, ನೆಲ ಒಣಗಿದ ಮೇಲೆ ಹಾಲಮ್ಮನವರಿಂದ ಬರಿಗಾಲ ತಪಾಸಣೆ ಕಡ್ಡಾಯ. ಅಂದು ಎಚ್ಚರಿಕೆಯ ಪತ್ರ ಒಂದು ಬಂತು ನಿಜ. ಅದು ಬಂದದ್ದು ನನಗೆ, ಸೋಪಿನ ಸಲುವಾಗಿ. ನಾನದನ್ನು ಎಂ.ಎ. ಪದವಿಪತ್ರದ ಜೊತೆಗೇ ಇಟ್ಟಿದ್ದೇನೆ.

ಗೆಳೆಯರೇ, ಕೊಳೆಯಾದರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಎಲ್ಲರೂ ಮೂಗು ಮುರಿಯುತ್ತಾರೆ. ಸ್ವಚ್ಛತೆ ಹಾಗಲ್ಲ, ಅದು ಏನೂ ಇಲ್ಲದಿರುವುದು. ಏನೂ ಇಲ್ಲದ್ದನ್ನು ದಿನವೂ ಮಾಡುವವರನ್ನು ಗುರುತಿಸುವುದು ಕಷ್ಟವೇ. ಹದಡಿಯ ಅಜ್ಜಿಗೆ ಅದು ಹೊಸ್ತಿಲಲ್ಲೇ ಹೊಳೆದುಬಿಟ್ಟಿತು ಎಂಬುದನ್ನು ನೆನೆದರೆ ನನಗೆ ಈಗಲೂ ಕುಣಿಯಬೇಕೆನಿಸುತ್ತದೆ.

ಆ ಬೂಟುಗಳು ಈಗ ನನ್ನ ಮೇಜಿನ ಕೆಳಗಿಲ್ಲ. ಅಟ್ಟೆಯ ಗೆರೆಗಳು ಅರ್ಧ ಸವೆದಿವೆ, ಎಡಗಾಲಿನದು ಮುಂದೆ ಬಾಯಿ ಬಿಡುತ್ತಿದೆ. ಬೆಳಿಗ್ಗೆ ನೆಲ ಒಣಗುತ್ತಿದ್ದಂತೆ ಹಾಲಮ್ಮಕ್ಕ ಅವನ್ನು ದೊಡ್ಡ ಬಾಗಿಲ ಪಕ್ಕ ಬಿಡುತ್ತಾಳೆ; ಅವುಗಳ ಮಗ್ಗುಲಲ್ಲಿ ನನ್ನ ಚಪ್ಪಲಿ. ಇಬ್ಬರೂ ಮೆಟ್ಟಿಲವರೆಗೆ ನಡೆಯುತ್ತೇವೆ. ನನ್ನ ಅಂಗಾಲು ಇನ್ನೂ ಒಂದನೇ ಕ್ಲಾಸು. ಉಸುಕು ಸಿಗುತ್ತದೆ, ಸಕ್ಕರೆ ನೀರು ಸಿಗುವುದಿಲ್ಲ. ತುದಿ ಮುಟ್ಟಿದ ಮೇಲೆ ಅವಳು ದಿನವೂ ಕೇಳುತ್ತಾಳೆ:

“ಏನಂತತೆ ನೆಲ?”

“ಏನೂ ಅಂತಿಲ್ಲಕ್ಕಾ.”

“ಹಂಗಾರೆ ಬಾಗ್ಲು ತೆಗ್ಸವ್ವ. ಜನ ಬರ್ಲಿ.”