ಐದು ಗುಂಡಿನ ಡಬ್ಬಿ

ಸಣ್ಣ ಡಬ್ಬಿಯ ದೊಡ್ಡ ಗುಣವೆಂದರೆ ಅದು ಬೇಗ ಖಾಲಿಯಾಗುತ್ತದೆ. ಅದು ಗುಣವೋ ದೋಷವೋ ಎಂದು ನೀವು ಕೇಳಬಹುದು. ಆರನೆಯ ವಯಸ್ಸಿನಲ್ಲಿ ನಾನೂ ನಮ್ಮಜ್ಜಿಯನ್ನು ಕೇಳಿದ್ದೆ. ಅಟ್ಟದ ಮೇಲೆ ಡೋಲಿನಂಥ ಡಬ್ಬದ ತುಂಬ ಕೋಡುಬಳೆ ಇದ್ದರೂ ಆಕೆ ನನ್ನ ಕೈಗೆ ಕೊಡುತ್ತಿದ್ದುದು ಐದೇ ಐದು ಹಿಡಿಸುವ, ಮುಚ್ಚಳ ಕಳೆದುಕೊಂಡ ಒಂದು ತಗಡಿನ ಡಬ್ಬಿ. "ಸಾಲ್ದಿದ್ರೆ ಎದ್ದು ಬಾ" ಎನ್ನುತ್ತಿದ್ದಳು. ಇದು ಜಿಪುಣತನಕ್ಕೆ ಉಡಿಸಿದ ಮಡಿ ಸೀರೆ ಎಂದೇ ನಾನು ಬಹುಕಾಲ ನಂಬಿದ್ದೆ. ಅಲ್ಲವೆಂದು ಹೊಳೆದದ್ದು ನಲವತ್ತು ವರ್ಷಗಳಾದ ಮೇಲೆ, ಐರ್ಲೆಂಡಿನ ನೇಸ್ ಊರಾಚೆ, ತಗಡಿನ ಶೆಡ್ಡೊಂದರಲ್ಲಿ ಹೊಟ್ಟೆ ಅಡಿಯಾಗಿ ಮಲಗಿದ್ದಾಗ.

ಮಲಗಿದ್ದೇಕೆಂದರೆ, ನಾನು ಅರಿವಳಿಕೆಯ ವೈದ್ಯ. ಅನ್ಯರನ್ನು ಮಲಗಿಸುವುದು ನನ್ನ ವೃತ್ತಿ; ನಾನೇ ಮಲಗುವುದು ಪ್ರವೃತ್ತಿ. ಮಲಗಿಕೊಂಡೇ ಆಡುವ ಕ್ರೀಡೆಯೊಂದಿದೆ ಎಂದು ಆಪರೇಷನ್ ಥಿಯೇಟರಿನ ಸಹೋದ್ಯೋಗಿ ಡೆಕ್ಲನ್ ಹೇಳಿದಾಗ, ಅದು ನನಗಾಗಿಯೇ ಸೃಷ್ಟಿಯಾದದ್ದೆಂದು ತಿಳಿದು ಅವನ ರೈಫಲ್ ಕ್ಲಬ್ಬಿಗೆ ಸೇರಿಬಿಟ್ಟೆ. ಅಲ್ಲಿ ಯಾವ ಪ್ರಾಣಿಗೂ ಅಪಾಯವಿಲ್ಲ. ಐವತ್ತು ಮೀಟರ್ ಆಚೆ ಒಂದು ರಟ್ಟಿನ ಕಾರ್ಡ್ ನೇತಾಡುತ್ತದೆ. ನಾನು ಗುರಿ ಇಟ್ಟರೆ ಅದಕ್ಕೂ ಅಪಾಯವಿಲ್ಲ.

ಬಂದೂಕಿನ ಅಡಿಯಲ್ಲಿ ಸಿಕ್ಕಿಸುವ, ಗುಂಡು ತುಂಬುವ ಡಬ್ಬಿಗೆ ಮ್ಯಾಗಜಿನ್ ಎನ್ನುತ್ತಾರೆ. ಧಾರಾವಾಹಿಯನ್ನು ಕುತೂಹಲದ ಘಟ್ಟದಲ್ಲಿ ನಿಲ್ಲಿಸಿ ಒಂದು ವಾರ ಸತಾಯಿಸುವ ಮ್ಯಾಗಜಿನ್ ಮಾತ್ರ ಗೊತ್ತಿದ್ದ ನನಗೆ ಇದೊಂದು ಹೊಸ ಸಾಹಿತ್ಯಪ್ರಕಾರ. ಹತ್ತು ಗುಂಡಿನದೂ ಇದೆ, ಐದರದೂ ಇದೆ. ನನ್ನದು ಐದರದು. ಯಾರಾದರೂ ಕಾರಣ ಕೇಳಿದರೆ, ಹತ್ತರ ಡಬ್ಬಿ ಉದ್ದವಾಗಿ ಕೆಳಗೆ ಚಾಚಿ ನೆಲಕ್ಕೆ ತಗಲುತ್ತದೆ, ಗಿಡ್ಡದಾದರೆ ಬಂದೂಕು ತಗ್ಗಿನಲ್ಲಿ ಅಲುಗದೆ ಕೂರುತ್ತದೆ, ಭಾರ ಕಡಿಮೆ, ತುಂಬುವಾಗ ಹೆಬ್ಬೆರಳು ನೋಯುವುದಿಲ್ಲ ಎಂದೆಲ್ಲ ಗಂಭೀರವಾಗಿ ವಿವರಿಸುತ್ತೇನೆ. ಎಲ್ಲವೂ ನಿಜ. ಆದರೆ ಸತ್ಯ ಬೇರೆ: ಹತ್ತು ಸಲ ಗುರಿ ತಪ್ಪುವುದಕ್ಕಿಂತ ಐದು ಸಲ ತಪ್ಪುವುದರಲ್ಲಿ ಮರ್ಯಾದೆ ಅರ್ಧವಾದರೂ ಉಳಿಯುತ್ತದೆ.

ಆ ಉಳಿದರ್ಧ ಮರ್ಯಾದೆಯೂ ಹೋಗುವ ಪ್ರಸಂಗ ಬಂತು ನೋಡಿ. ನಮ್ಮ ಮಾವನವರು ತುಮಕೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದರು. ಸರ್ಕಾರಿ ಬಸ್ಸುಗಳಲ್ಲಿ ಚೆಕಿಂಗ್ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು; ಬಸ್ಸಿಗೆ ಎಲ್ಲೆಂದರಲ್ಲಿ ಹತ್ತಿ ತಲೆ ಎಣಿಸಿ ಟಿಕೆಟ್ ಇಲ್ಲದವನನ್ನು ಮುಖ ನೋಡಿಯೇ ಹಿಡಿಯುತ್ತಿದ್ದ ಕಣ್ಣು ಅವರದು. ಮದ್ಯದ ವಿಷಯದಲ್ಲಿ ಎಷ್ಟು ನಿಷ್ಠುರರೆಂದರೆ, ಕೆಮ್ಮಿನ ಔಷಧಿಯನ್ನೂ ಸೀಸೆಯ ಮೇಲಿನದನ್ನೆಲ್ಲ ಓದದೆ ಕುಡಿಯುವವರಲ್ಲ. ಹನ್ನೆರಡು ವರ್ಷಗಳಿಂದ ಅವರ ದೃಷ್ಟಿಯಲ್ಲಿ ನಾನು ಸಕಲ ಬಂಧುಬಳಗಕ್ಕೆ ಉದಾಹರಣೆಯಾಗಿದ್ದ ಅಳಿಯ. ಈ ಬಂದೂಕಿನ ಹವ್ಯಾಸವನ್ನು ಮಾತ್ರ, ಹೆದರಿಯಾರೆಂದು, ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಇಲ್ಲಿಯದೇ ಅತ್ಲೋನ್ ಊರಿನಿಂದ ಗೆಳೆಯ ಮಂಜು ಫೋನ್ ಮಾಡಿದ. ಅವನೂ ಹೊಸದಾಗಿ ಈ ಕ್ರೀಡೆಗೆ ಇಳಿದಿದ್ದ. ಯಾವ ಮ್ಯಾಗಜಿನ್ ಕೊಳ್ಳಲೆಂದು ಕೇಳಿದ. ನಾನು ಅಡುಗೆಮನೆಯಲ್ಲಿ ನಿಂತು ಗುರುಸ್ಥಾನದ ಗತ್ತಿನಿಂದ ಉಪದೇಶಿಸಿದೆ:

"ಹತ್ತು ಗುಂಡು ಬೇಡ ಕಣೋ, ಐದೇ ಸಾಕು. ಹತ್ತು ಹಾಕಿದ್ರೆ ಕೈ ನಡುಗುತ್ತೆ. ಐದು ಹಾಕು, ಸ್ವಲ್ಪ ರೆಸ್ಟ್ ತಗೋ, ಮತ್ತೆ ಐದು ಹಾಕು. ನಾನಂತೂ ಮಲಗಿಕೊಂಡೇ ಹಾಕೋದು! ಶನಿವಾರ ಕ್ಲಬ್ಬಿಗೆ ಬಾ, ಕಾರ್ಡ್ ನಾನು ತರ್ತೀನಿ. ನಿಮ್ಮನೇಲಿ ಗೊತ್ತಾದ್ರೆ ಏನಂತೆ, ಏನೂ ಆಗಲ್ಲ!"

ತಿರುಗಿದರೆ ಬಾಗಿಲಲ್ಲಿ ಮಾವ. ಕೈಯಲ್ಲಿದ್ದ ಕಾಫಿ ಲೋಟ ಬಾಯಿಗೂ ಹೋಗದೆ ಕೆಳಗೂ ಇಳಿಯದೆ ತ್ರಿಶಂಕುವಾಗಿತ್ತು. ಲೋಟ ಹಿಡಿದುಕೊಂಡೇ ಹಿಂದಿರುಗಿದರು.

ಅನಂತರ ಎರಡು ದಿನ ನಾನು ಎದುರು ಕುಳಿತರೆ ಮಾವ ಮೂಗನ್ನು ತುಸು ಮುಂದೆ ಚಾಚಿ ಗಾಳಿಯನ್ನು ಪರೀಕ್ಷಿಸುವರು. ಥಿಯೇಟರಿನಿಂದ ಬಂದ ನನ್ನ ಮೈಯಲ್ಲಿ ಕೈತೊಳೆಯುವ ಸ್ಪಿರಿಟ್ಟಿನ ವಾಸನೆ ಬೇರೆ! ಗುರುವಾರ ನನ್ನಾಕೆ ಸುಮಾ ಕೆಂಗಣ್ಣು ಬಿಟ್ಟುಕೊಂಡು ಬಂದಳು.

"ಏನ್ರೀ ಹೇಳಿದ್ರಿ ಅಪ್ಪಂಗೆ? ಭಾನುವಾರಾನೇ ಹೊರಡ್ತೀನಿ, ಟಿಕೆಟ್ ಬದಲಾಯ್ಸು ಅಂತಿದಾರೆ. ಅಳಿಯ ಬೆಳಬೆಳಿಗ್ಗೆ ಗುಂಡು, ಕ್ಲಬ್ಬು, ಇಸ್ಪೀಟು ಅಂತ ಮಾತಾಡೋದನ್ನ ಕಿವಿಯಾರೆ ಕೇಳ್ಕೊಂಡು ಇರಕ್ಕಾಗಲ್ವಂತೆ."

ಕನ್ನಡ ಮಾತೆಯ ವೈಭವಕ್ಕೆ ನಾನು ತಲೆಬಾಗಿದೆ. ಬಂದೂಕಿನಿಂದ ಹಾರುವುದೂ ಗುಂಡು, ಬಾಟಲಿಯಿಂದ ಇಳಿಯುವುದೂ ಗುಂಡು, ಎರಡನ್ನೂ 'ಹಾಕುವುದೇ'. ಸೊಂಪಾದ ಶಬ್ದಸಂಪತ್ತುಳ್ಳ ಈ ಭಾಷೆ ಇದೊಂದು ಕಡೆ ಏಕೆ ಇಷ್ಟು ಮಿತವ್ಯಯ ಮಾಡಿತೋ! ಇಂಗ್ಲಿಷಿಗೆ ಓಡಿದರೂ ರಕ್ಷಣೆಯಿಲ್ಲ: ಗುಂಡಿಗೂ ರೌಂಡ್, ಈ ದೇಶದ ಪಬ್ಬುಗಳಲ್ಲಿ ಸರದಿಯಂತೆ ಎಲ್ಲರಿಗೂ ಕೊಡಿಸುವ ಪಾನೀಯಕ್ಕೂ ರೌಂಡ್, ನಾನು ವಾರ್ಡಿನಲ್ಲಿ ಸುತ್ತುವುದೂ ರೌಂಡ್. ಬೆಳಿಗ್ಗೆ ಎದ್ದು "ರೌಂಡ್ಸಿಗೆ ಹೋಗ್ಬರ್ತೀನಿ ಮಾವ" ಎಂದಾಗ ಅವರ ಮುಖ ಕಪ್ಪಿಟ್ಟದ್ದರ ಅರ್ಥ ಈಗಾಯಿತು.

ಬಾಯಿಮಾತಿನ ಸಮಜಾಯಿಷಿ ಚೆಕಿಂಗ್ ಇನ್‌ಸ್ಪೆಕ್ಟರರ ಮುಂದೆ ನಡೆಯುವುದಿಲ್ಲ. ಟಿಕೆಟ್ ಕಳೆದುಹೋಯಿತು ಎಂದವರ ಸಾವಿರ ಕಥೆ ಕೇಳಿದ ಕಿವಿ. ಆದ್ದರಿಂದ ಶನಿವಾರ ಅವರನ್ನೇ ಕಾರಿಗೆ ಹತ್ತಿಸಿಕೊಂಡು ಕ್ಲಬ್ಬಿಗೆ ಹೊರಟೆ. ದಾರಿಯುದ್ದಕ್ಕೂ ಅವರು ಸಾವಿನ ಮನೆಗೆ ಹೆಣ ನೋಡಲು ಹೋಗುವವರಂತೆ ಕೂತಿದ್ದರು.

ಶೆಡ್ಡಿನಲ್ಲಿ ಬಾಟಲಿ ಇರಲಿಲ್ಲ. ಒಂದು ಚಹಾದ ಕೆಟಲ್, ಬಿಸ್ಕತ್ತು, ಮಂಜುವೂ ಸೇರಿ ಸಾಲಾಗಿ ಮಲಗಿದ್ದ ನಾಲ್ಕು ಜನ. ಡೆಕ್ಲನ್ ಮಾವನ ಕಿವಿಗಳಿಗೆ ರಕ್ಷಾಕವಚ ತೊಡಿಸಿ ಕುರ್ಚಿ ಹಾಕಿ, ದೂರದ ಕಾರ್ಡ್ ಕಾಣುವಂತೆ ದುರ್ಬೀನು ಹೊಂದಿಸಿಕೊಟ್ಟ. ನಾನು ಮಲಗಿದೆ. ಐದು ಹಾಕಿದೆ. ಹಾರಿಸಿದೆ. ಎದ್ದು ನೋಡಿದರೆ ಮಾವನ ಮುಖದಲ್ಲಿ ಹನ್ನೆರಡು ವರ್ಷಗಳ ಹಳೆಯ ಮಂದಹಾಸ ಮರಳಿತ್ತು.

"ಅಳಿಯಂದ್ರೇ, ಐದು ಜನ ಹತ್ತಿದ್ರು, ಇಳಿದಿರೋದು ಮೂರೇ ಜನ. ಇನ್ನಿಬ್ರು ಎಲ್ಲಿ?"

"ಕಾರ್ಡಿನ ಹೊರಗೆ ಹೋದ್ರು ಮಾವ."

"ಅಂದ್ರೆ ವಿತೌಟ್ ಟಿಕೆಟ್!" ಎಂದು ಗಹಗಹಿಸಿ ನಕ್ಕರು. ನಂತರ ಖಾಲಿ ಡಬ್ಬಿಯನ್ನು ಬೆರಳಲ್ಲಿ ತೂಗಿ ನೋಡುತ್ತ, "ಐದರದೇ ಸರಿ ಬಿಡಿ. ಜಾಸ್ತಿ ತುಂಬಿದ ಬಸ್ಸು ಯಾವ ಸ್ಟಾಪಲ್ಲೂ ನೆಟ್ಟಗೆ ನಿಲ್ಲಲ್ಲ. ಖಾಲಿ ಆದ್ರೆ ಎದ್ದು ಬರ್ತೀರಿ, ಒಂದ್ ಮಾತಾಡ್ತೀರಿ, ಟೀ ಕುಡೀತೀರಿ. ಹತ್ತರದಾಗಿದ್ರೆ ಅಲ್ಲೇ ಬಿದ್ದಿರ್ತಿದ್ರಿ" ಎಂದರು.

ಆಗ ಅಜ್ಜಿ ನೆನಪಾದಳು. ಕೋಡುಬಳೆ ಉಳಿಸಲು ಅಲ್ಲ ಆಕೆ ಸಣ್ಣ ಡಬ್ಬಿ ಕೊಡುತ್ತಿದ್ದುದು, ಎದ್ದು ಬರಲೆಂದು. ಬಂದಾಗಲೆಲ್ಲ ಆಕೆಗೆ ಮೊಮ್ಮಗನ ಮುಖ ಕಾಣುತ್ತಿತ್ತು. ಚಹಾ ಕುಡಿಯುತ್ತ ಮಾವನಿಗೂ ಆ ಐದು ಕೋಡುಬಳೆಯ ಕಥೆ ಹೇಳಿದೆ.

ಭಾನುವಾರದ ಪ್ರಯಾಣ ರದ್ದಾಯಿತು. ಅಂದು ಸಂಜೆ ಮಾವ ತುಮಕೂರಿನ ತಂಗಿಗೆ ಫೋನಿನಲ್ಲಿ ಇಡೀ ಬೀದಿಗೆ ಕೇಳುವಂತೆ ನನ್ನ ಗುಣಗಾನ ಮಾಡುತ್ತಿದ್ದರು: "ನಾನೇ ಕ್ಲಬ್ಬಿಗೆ ಹೋಗಿ ನೋಡ್ದೆ ಕಣಮ್ಮ, ಭಾಳ ಒಳ್ಳೆ ಜನ. ಅಳಿಯಂದ್ರು ಐದೇ ಗುಂಡು ಹಾಕೋದು, ಜಾಸ್ತಿ ಇಲ್ಲ. ನಾನು ಪಕ್ಕದಲ್ಲೇ ಕೂತು ಎಣಿಸ್ದೆ!"

ತುಮಕೂರಿನಲ್ಲಿ ಈಗ ನನ್ನ ಮರ್ಯಾದೆ ಯಾವ ಸ್ಟಾಪಿನಲ್ಲಿದೆಯೋ ತಿಳಿಯದು. ಮುಂದಿನ ಶನಿವಾರ ಹೊರಡುವಾಗ ಮಾವ ಒಂದು ಪುಟ್ಟ ಡಬ್ಬಿ ಕೈಗಿತ್ತರು. ತೆರೆದರೆ ಕೋಡುಬಳೆ, ಐದೇ ಐದು. ಸಾಲುವುದಿಲ್ಲವೆಂದು ಗೊತ್ತಿದ್ದೂ, ಇನ್ನಷ್ಟು ಕೇಳದೆ ಮುಚ್ಚಳ ಹಾಕಿದೆ.