ಬಂಡೆಯ ಪೊಟರೆಯಲ್ಲಿ ಸಿಕ್ಕ ಕೈ

ಮೊಮ್ಮಕ್ಕಳೇ, ಧನ್ಯಾ, ನಿಖಿಲ್, ನನ್ನ ಎಡಗೈಯ ಕಲೆ ಏನೆಂದು ನೀವು ಕೇಳುತ್ತಲೇ ಇರುತ್ತೀರಿ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆದಿದ್ದೇನೆ.

ಕೊರೊನಾ ಕಳೆದ ಮೇಲಿನ ಚಳಿಗಾಲ. ನಾನು ಒಮಾನಿನ ಖಸಬ್‌ನಲ್ಲಿ ಒಂದು ಮನೆಯ ಅಡುಗೆಯವಳಾಗಿದ್ದೆ. ನಿಮ್ಮ ಅಜ್ಜ ತೀರಿಹೋದ ಮೇಲೆ ಊರಿನಲ್ಲೇ ಜನರೆದುರು ನಿಲ್ಲಲು ಹೆದರುತ್ತಿದ್ದವಳು ನಾನು. ಖಸಬ್‌ನಲ್ಲಂತೂ ಕಸ ಹಾಕಲು ಗೇಟಿನವರೆಗೆ ಹೋಗುವುದಕ್ಕೂ ರೋಸಿಯ ಜೊತೆ ಬೇಕಿತ್ತು. ರೋಸಿ ಮಂಗಳೂರಿನವಳು, ನಮ್ಮ ಕಫೀಲ್‌ನ, ಅಂದರೆ ವೀಸಾ ಕೊಟ್ಟ ಯಜಮಾನನ, ಮುದಿ ತಾಯಿಯನ್ನು ನೋಡಿಕೊಳ್ಳುತ್ತಿದ್ದಳು. ಆ ತಾಯಿಯನ್ನು ನಾವು ಉಮ್ಮಿ ಎನ್ನುತ್ತಿದ್ದೆವು.

ಉಮ್ಮಿಯ ತವರು ದಕ್ಷಿಣದ ಕಡಲತೀರ. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರೇ ಆಕ್ಟೋಪಸ್ ಬೇಟೆಗೆ ಹೋಗುತ್ತಾರಂತೆ. ಅದು ನಮ್ಮ ಕಡೆಯ ಬೊಂಡಾಸ್ ಮೀನಿನ ನೆಂಟ, ಎಂಟು ಕೈಯದ್ದು, ಬಂಡೆಯ ಪೊಟರೆಯಲ್ಲಿ ಅಡಗಿರುತ್ತದೆ. ಉಮ್ಮಿ ಖಸಬ್‌ಗೆ ಸೊಸೆಯಾಗಿ ಬಂದರೂ ಕಬ್ಬಿಣದ ಕೊಕ್ಕೆಯನ್ನು ಬಿಟ್ಟಿರಲಿಲ್ಲ. ಬುಟ್ಟಿ ಹೊರಲು ನಮ್ಮಿಬ್ಬರನ್ನೂ ಕರೆದೊಯ್ಯುತ್ತಿದ್ದರು. ಬೆನ್ನಿಗೆ ಬಿಸಿಲು, ಕಾಲಿಗೆ ಉಪ್ಪುನೀರು. ಮೊದಲ ದಿನವೇ ನನಗೆ ಅದರ ಆಸೆ ಹತ್ತಿತು. ಆದರೆ ಉಮ್ಮಿಯ ನಿಯಮ ಬಿಗಿ. ಹಿಡಿದದ್ದನ್ನು ತಾನೇ ಕೊಲ್ಲಲಾರದವಳು ಮತ್ತೆ ಬರುವಂತಿಲ್ಲ.

"ಇವತ್ತು ನಿನ್ನ ಸರದಿ, ಅಡುಗೆಮನೆ ಇಲಿ," ಎಂದು ಒಂದು ದಿನ ತಮ್ಮ ಗಲ್ಫ್ ಹಿಂದಿಯಲ್ಲಿ ಹೇಳಿದರು. "ಇಲ್ಲವಾದರೆ ಖಲಾಸ್, ನಾಳೆಯಿಂದ ನೀನು ನಿನ್ನ ಈರುಳ್ಳಿ."

ಪೊಟರೆಯ ಬಾಯಲ್ಲಿ ಏಡಿಯ ಚಿಪ್ಪುಗಳು ಬಿದ್ದಿದ್ದರೆ ಒಳಗೆ ಆಕ್ಟೋಪಸ್ ಇದೆ ಎಂದು ಅರ್ಥ. ಅಂಥದ್ದೊಂದು ಸಿಕ್ಕಿತು. ಕೊಕ್ಕೆ ಹಾಕಬೇಕಿತ್ತು. ಆದರೆ ನಾನು ಹೊಳೆದಂಡೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕಿ, ಬಿಲಕ್ಕೆ ಕೈಹಾಕಿ ಏಡಿ ಹಿಡಿದು ಬೆಳೆದವಳು. ಅಭ್ಯಾಸಬಲದಿಂದ ಮೊಣಕೈವರೆಗೆ ಎಡಗೈ ತೂರಿಸಿದೆ.

ಒಳಗಿದ್ದದ್ದು ಕೈಯನ್ನು ಸುತ್ತಿಕೊಂಡಿತು. ಎಳೆದೆ. ಅದು ಬಂಡೆಯನ್ನೂ ನನ್ನನ್ನೂ ಸೇರಿಸಿ ಹಿಡಿದಿತ್ತು. ಮತ್ತೆ ಎಳೆದಾಗ ಬಂಡೆಯ ಅಂಚು ಚರ್ಮವನ್ನು ಸೀಳಿತು. ಅಷ್ಟರಲ್ಲಿ ಉಬ್ಬರ ಶುರುವಾಗಿ ನೀರು ಮಂಡಿಯಿಂದ ಸೊಂಟಕ್ಕೆ ಏರಿತು.

"ಎಂತ ಮಾಡಿದ್ದು ಮಾರಾಯ್ತಿ," ಎನ್ನುತ್ತ ರೋಸಿ ಓಡಿ ಬಂದಳು. ಉಮ್ಮಿ ಅವಳ ಶಾಲು ಹಿಡಿದು ನಿಲ್ಲಿಸಿದರು.

"ಬಿಡು. ತೂರಿಸಿದವಳೇ ತೆಗೆಯಲಿ."

"ಮುಳುಗ್ತಾಳೆ ಉಮ್ಮಿ."

"ಮುಳುಗಿದರೆ ಬೇರೆ ಅಡುಗೆಯವಳು ಬರುತ್ತಾಳೆ."

ಅವರು ನಗುತ್ತಿರಲಿಲ್ಲ. ಅದನ್ನು ನೋಡಿದ ಮೇಲೆ ನಾನು ಅಳುವುದನ್ನು ನಿಲ್ಲಿಸಿದೆ. ಎಳೆಯುವುದನ್ನೂ ಬಿಟ್ಟು ಕೈಯನ್ನು ಸಡಿಲಗೊಳಿಸಿದೆ. ನೀರು ಎದೆಗೆ ಬಂದಾಗ ಆ ಪ್ರಾಣಿಯ ಹಿಡಿತ ಬಂಡೆಯಿಂದ ನನ್ನ ತೋಳಿಗೆ ಜಾರಿತು. ಒಮ್ಮೆಗೇ ಹೊರಗೆಳೆದೆ. ಕೊಲ್ಲುವ ಕ್ರಮವನ್ನು ಉಮ್ಮಿ ಮಾಡುತ್ತಿದ್ದಾಗ ನೋಡಿದ್ದೆ. ಅದರ ಎರಡು ಕಣ್ಣುಗಳ ನಡುವೆ ಹಲ್ಲಿಟ್ಟು ಕಚ್ಚಿದೆ. ಮೈ ಬಿಳುಚಿ, ಎಂಟೂ ಕೈಗಳು ಜೋತುಬಿದ್ದವು.

ಆಗ ನನ್ನ ಮಣಿಕಟ್ಟಿನ ಮೇಲೆ ಅಕ್ಕಿಕಾಳನ್ನು ದಾರಕ್ಕೆ ಪೋಣಿಸಿದಂಥ ಎಳೆಗಳು ಅಂಟಿರುವುದು ಕಂಡಿತು. ಮೊಟ್ಟೆಗಳು.

"ಅದು ತಾಯಿ," ಎಂದರು ಉಮ್ಮಿ. "ಮೊಟ್ಟೆ ಇಟ್ಟದ್ದು ಓಡಿಹೋಗುವುದಿಲ್ಲ. ಎಲ್ಲಕ್ಕಿಂತ ಸುಲಭದ ಬೇಟೆ. ಅದನ್ನೂ ನೀನು ಕಷ್ಟ ಮಾಡಿಕೊಂಡೆ. ಯಲ್ಲಾ, ನಡಿ."

ಸಂಜೆ ಅದನ್ನು ನಾನೇ ಕೊಯ್ದು ಬೇಯಿಸಿ ಬಡಿಸಿದೆ. ಮೆತ್ತಗಿದೆ ಎಂದು ಯಜಮಾನರು ಹೊಗಳಿದರು.

ಮರುದಿನ ಉಮ್ಮಿ ಒಂದು ಕೊಕ್ಕೆಯನ್ನು ನನ್ನ ಕೈಗೆ ಕೊಟ್ಟು ಮುಂದೆ ನಡೆ ಎಂದರು. ಅದೇ ಪೊಟರೆಯ ಬಳಿ ಬಂದಾಗ ಬಗ್ಗಿ ನೋಡಿದೆ. ಕಾಯುವವರಿಲ್ಲದ ಮೊಟ್ಟೆಗಳನ್ನು ಸಣ್ಣ ಮೀನುಗಳು ಮುತ್ತಿಕೊಂಡು ತಿನ್ನುತ್ತಿದ್ದವು. ರೋಸಿ ಮುಖ ತಿರುಗಿಸಿದಳು. ನಾನು ನಿಲ್ಲುತ್ತೇನೋ ಎಂದು ಉಮ್ಮಿ ನನ್ನ ಕಾಲುಗಳನ್ನೇ ನೋಡುತ್ತಿದ್ದರು. ನಾನು ನಿಲ್ಲಲಿಲ್ಲ. ಮುಂದಿನ ಪೊಟರೆಗೆ ಕೊಕ್ಕೆ ಹಾಕಿದೆ.

ಆಮೇಲೆ ಪೇಟೆಗೂ ಆಸ್ಪತ್ರೆಗೂ ಒಬ್ಬಳೇ ಹೋದೆ. ಆ ಕೆಲಸ ಕಲಿಸಿದ್ದು ಇಷ್ಟೇ. ಹೆದರಿಕೆ ಬಿಟ್ಟುಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ, ನಮ್ಮೊಳಗಿನ ಮೆತ್ತಗಿನದನ್ನೂ ಸ್ವಲ್ಪ ಒಯ್ಯುತ್ತದೆ. ಹೋದದ್ದು ನನಗೆ ಇನ್ನೂ ತಿರುಗಿ ಸಿಕ್ಕಿಲ್ಲ.

ಈ ಹಾಳೆಗಳಿಗೆ ನೀರು ತಾಗದಂತೆ, ಗೆದ್ದಲು ಹತ್ತದಂತೆ ಎತ್ತಿಡಿ. ನಾನಿರುವಾಗ ಇದರ ಬಗ್ಗೆ ನನ್ನನ್ನು ಕೇಳಬೇಡಿ. ಇಟ್ಟುಕೊಂಡರೆ ಸಾಕು.